ಫ್ಲೋರಿಡಾ ಕೀಸ್‌ನಲ್ಲಿ ಗೈಡ್ ಜೊತೆ ಫ್ಲೈ ಫಿಶಿಂಗ್ ಮಾಡಬೇಕು, ಹೇಗೆ ತಯಾರಾಗಲಿ?

ನಿಮ್ಮ ಪ್ರಶ್ನೆ ಓದಿ ಖುಷಿಯಾಯಿತು. ಪೆನ್ಸಿಲ್ವೇನಿಯಾದ ಹೊಳೆಗಳಲ್ಲಿ ಮೂರು ವರ್ಷದಿಂದ ಫ್ಲೈ (ಹುಳದ ಹಾಗೆ ಕಾಣಲು ದಾರ, ಗರಿ ಕಟ್ಟಿದ ಹಗುರ ಕೊಕ್ಕೆ) ಹಾಕಿ ಟ್ರೌಟ್ ಮೀನು ಹಿಡಿಯುತ್ತಿದ್ದೀರಿ. ಮುಂದಿನ ವರ್ಷ ಭಾವನ ಜೊತೆ ಫ್ಲೋರಿಡಾದ ದಕ್ಷಿಣ ತುದಿಯ ದ್ವೀಪಗಳ ಸಾಲಾದ ಫ್ಲೋರಿಡಾ ಕೀಸ್‌ಗೆ ಹೋಗಿ, ಗೈಡ್ ಇಟ್ಟುಕೊಂಡು ಸಮುದ್ರದ ಮೀನಿಗೆ ಪ್ರಯತ್ನಿಸಬೇಕು ಅಂತಿದ್ದೀರಿ. ಯಾವ ತಿಂಗಳು ಒಳ್ಳೆಯದು, ಗೈಡ್‌ನನ್ನು ಹೇಗೆ ಹುಡುಕುವುದು, ಎಷ್ಟು ಖರ್ಚು, ಯಾವ ರಾಡ್ ಕೊಳ್ಳಬೇಕು ಅಂತ ಕೇಳಿದ್ದೀರಿ. ಎಲ್ಲದಕ್ಕೂ ಉತ್ತರ ಹೇಳುತ್ತೇನೆ. ಆದರೆ ನೀವು ಕೇಳದ ಒಂದು ವಿಷಯದಿಂದ ಶುರು ಮಾಡುತ್ತೇನೆ, ಯಾಕೆಂದರೆ ಅದೇ ಎಲ್ಲಕ್ಕಿಂತ ಮುಖ್ಯ. ಗಾಳಿ ಬೀಸುತ್ತಿರುವಾಗ, 45 ಅಡಿ ದೂರಕ್ಕೆ, ಎರಡು ಮೂರು ಬೀಸಿನಲ್ಲಿ ಫ್ಲೈ ಹಾಕಲು ನಿಮಗೆ ಬರುತ್ತದೆಯೇ? ಬರದಿದ್ದರೆ ಹೊರಡುವ ಮೊದಲು ಕಲಿತುಬಿಡಿ.

ನಾನು ಗಂಗೊಳ್ಳಿಯವನು. ಅಳಿವೆ ಬದಿಯಲ್ಲಿ ಬೆಳೆದವನು, ಗಾಳ ಹಾಕುವುದು ಚಿಕ್ಕಂದಿನಿಂದ ರೂಢಿ. ಈಗ ಟ್ಯಾಂಪಾದಲ್ಲಿ ಕೆಲಸ. ವರ್ಷಕ್ಕೆ ಒಂದು ಸಲವಾದರೂ ಕೀಸ್‌ಗೆ ಹೋಗಿ ಬರುತ್ತೇನೆ. ಮೊದಲ ಸಲ ಹೋದಾಗ ಫ್ಲೋರಿಡಾ ಬೇ ಅನ್ನುವ ಕೊಲ್ಲಿ ನೋಡಿ ನಮ್ಮೂರೇ ನೆನಪಾಯಿತು. ಎಲ್ಲಿ ನೋಡಿದರೂ ಕಾಂಡ್ಲಾ ಬೆಳೆದ ಸಣ್ಣ ಸಣ್ಣ ಕುದ್ರುಗಳು, ನಡುವೆ ಉಬ್ಬರ ಇಳಿತದ ನೀರು ಹರಿಯುವ ಕಾಲುವೆಗಳು. ಆದರೆ ಮೀನು ಹಿಡಿಯುವ ರೀತಿ ಮಾತ್ರ ಪೂರ್ತಿ ಬೇರೆ. ಊರಲ್ಲಿ ಗಾಳ ಹಾಕಿ ಮೀನು ಬರಲಿ ಅಂತ ಕಾಯುತ್ತೇವೆ. ಇಲ್ಲಿ ಮೀನು ಕಣ್ಣಿಗೆ ಬಿದ್ದ ಮೇಲೆಯೇ ಬೀಸುವುದು.

ಮೊಣಕಾಲುದ್ದ, ಸೊಂಟದುದ್ದ ನೀರಿರುವ ಬಯಲಿಗೆ ಇಲ್ಲಿ ಫ್ಲ್ಯಾಟ್ಸ್ ಅನ್ನುತ್ತಾರೆ. ಅದಕ್ಕೆ ಅಂತಲೇ ಮಾಡಿದ ಚಪ್ಪಟೆ ದೋಣಿ ಸ್ಕಿಫ್. ಒಂದು ಅಡಿಗಿಂತ ಕಡಿಮೆ ನೀರಲ್ಲೂ ತೇಲುತ್ತದೆ. ಜಾಗಕ್ಕೆ ಬಂದ ಮೇಲೆ ಗೈಡ್ ಎಂಜಿನ್ ನಿಲ್ಲಿಸಿ, ಅದರ ಮೇಲಿರುವ ಅಟ್ಟಣೆ ಹತ್ತಿ, ಉದ್ದನೆಯ ಗಳ ಊರಿ ಸದ್ದಿಲ್ಲದೆ ದೋಣಿ ತಳ್ಳುತ್ತಾನೆ. ನೀವು ಮುಂದಿನ ತುದಿಯಲ್ಲಿ ರಾಡ್ ಹಿಡಿದು ನಿಂತಿರುತ್ತೀರಿ. ದಿಕ್ಕು ಹೇಳುವುದು ಗಡಿಯಾರದ ಲೆಕ್ಕದಲ್ಲಿ: ದೋಣಿಯ ಮೂತಿ 12 ಗಂಟೆ, ಬಲಗಡೆ 3, ಎಡಗಡೆ 9. ಎತ್ತರದಲ್ಲಿರುವ ಅವನಿಗೆ ಮೀನು ಮೊದಲು ಕಾಣುತ್ತದೆ. "10 ಗಂಟೆ, 50 ಅಡಿ, ಬಲಕ್ಕೆ ಹೋಗ್ತಿದೆ" ಅಂತ ಕೂಗುತ್ತಾನೆ. ಆಗ ರಾಡ್ ತುದಿಯನ್ನು ಆ ಕಡೆ ತೋರಿಸಿ. ನೀವು ಎಲ್ಲಿ ನೋಡುತ್ತಿದ್ದೀರಿ ಅಂತ ಅವನಿಗೆ ಗೊತ್ತಾಗುತ್ತದೆ. ಇನ್ನೂ ಬಲಕ್ಕೆ, ಇನ್ನೂ ಸ್ವಲ್ಪ, ಹಾಂ ಅಲ್ಲೇ ಅಂತ ತಿದ್ದುತ್ತಾನೆ. ಇದೆಲ್ಲ ಆಗಿ ಫ್ಲೈ ನೀರಿಗೆ ಬೀಳಲು ನಿಮಗೆ ಸಿಗುವುದು ಕೆಲವೇ ಸೆಕೆಂಡು. ಮೀನು ನಿಂತು ಕಾಯುವುದಿಲ್ಲ, ದೋಣಿಯೂ ನಿಲ್ಲುವುದಿಲ್ಲ.

ಹೊಳೆಯಲ್ಲಿ ನಾವು ಐದಾರು ಸಲ ಗಾಳಿಯಲ್ಲೇ ಬೀಸಿ, ಲೈನ್ ಉದ್ದ ಮಾಡಿಕೊಂಡು, ನಿಧಾನವಾಗಿ ಬಿಡುತ್ತೇವೆ ಅಲ್ವಾ? ಇಲ್ಲಿ ಆ ಅಭ್ಯಾಸ ಕೆಲಸಕ್ಕೆ ಬರುವುದಿಲ್ಲ. ಹೊರಡುವುದಕ್ಕೆ ಎರಡು ತಿಂಗಳಿದೆ ಅನ್ನುವಾಗಲೇ ದಿನಕ್ಕೆ 15 ನಿಮಿಷ ಮನೆ ಹತ್ತಿರದ ಹುಲ್ಲಿನ ಮೈದಾನಕ್ಕೆ ಹೋಗಿ. 40, 50, 60 ಅಡಿಯಲ್ಲಿ ಒಂದೊಂದು ತಟ್ಟೆ ಇಡಿ. ಸುಮಾರು 50 ಅಡಿ ಲೈನ್ ಕಾಲ ಬಳಿ ಎಳೆದು ಹಾಕಿಕೊಳ್ಳಿ. ರಾಡ್ ತುದಿಯಿಂದ 10–15 ಅಡಿ ಲೈನ್ ಹೊರಗಿರಲಿ, ಫ್ಲೈ ಎಡಗೈ ಬೆರಳಲ್ಲಿ ಇರಲಿ. ದೋಣಿಯ ಮೇಲೆ ನಿಲ್ಲುವುದೂ ಹೀಗೇ. ಭಾವನನ್ನು ಹಿಂದೆ ನಿಲ್ಲಿಸಿ "11 ಗಂಟೆ, 40 ಅಡಿ" ಅಂತ ಕೂಗಲು ಹೇಳಿ. ಮೂರನೇ ಬೀಸಿಗೆ ಫ್ಲೈ ತಟ್ಟೆಯ ಹತ್ತಿರ ಬಿದ್ದಿರಬೇಕು. ಗಾಳಿ ಇಲ್ಲದ ದಿನಗಳಲ್ಲಷ್ಟೇ ಹೋದರೆ ಸಾಲದು. ಗಾಳಿ ಜೋರಾಗಿರುವ ದಿನ ಬೇಕೆಂದೇ ಹೋಗಿ, ಮುಖಕ್ಕೆ ಬೀಸುವಾಗ ಒಂದಷ್ಟು, ರಾಡ್ ಹಿಡಿದ ಕೈ ಕಡೆಯಿಂದ ಬೀಸುವಾಗ ಒಂದಷ್ಟು ಹಾಕಿ ನೋಡಿ. ಎಡಗೈಯಿಂದ ಲೈನ್ ಜಗ್ಗಿ ವೇಗ ಕೊಡುವ ಡಬಲ್ ಹಾಲ್ ಬರದಿದ್ದರೆ ಇದೇ ಸಮಯದಲ್ಲಿ ಕಲಿಯಿರಿ. ಕಾಸ್ಟಿಂಗ್ ಅಂದರೆ ಬೀಸುವುದನ್ನು ಕಲಿಸುವ ಒಬ್ಬ ಶಿಕ್ಷಕರ ಹತ್ತಿರ ಒಂದೆರಡು ಗಂಟೆ ಕಲಿತರೆ ಆ ದುಡ್ಡು ಖಂಡಿತ ವ್ಯರ್ಥವಾಗುವುದಿಲ್ಲ.

ಇನ್ನೊಂದು ಅಭ್ಯಾಸ ಮರೆಯಬೇಕು. ಟ್ರೌಟ್ ಫ್ಲೈ ಕಚ್ಚಿದರೆ ರಾಡ್ ಮೇಲೆತ್ತುತ್ತೇವೆ. ಸಮುದ್ರದಲ್ಲಿ ಹಾಗೆ ಮಾಡಿದರೆ ಮೀನು ಹೋಯಿತು ಅಂತಲೇ. ರಾಡ್ ನೀರಿನ ಕಡೆ ನೆಟ್ಟಗೆ ಚಾಚಿ, ಎಡಗೈಯಿಂದ ಲೈನ್ ಗಟ್ಟಿಯಾಗಿ ಎಳೆಯಬೇಕು. ನನ್ನ ಮೊದಲ ಟಾರ್ಪನ್ ನೆನಪಿದೆ. ನನ್ನಷ್ಟೇ ಉದ್ದದ ಮೀನು ನಿಧಾನವಾಗಿ ಫ್ಲೈ ಹಿಂದೆ ಬಂದು, ಬಾಯಿ ತೆರೆದು ನುಂಗಿತು. ನಾನು ರಾಡ್ ಎತ್ತಿದೆ. ಫ್ಲೈ ಹಾಗೇ ಬಾಯಿಂದ ಜಾರಿ ಹೊರಗೆ ಬಂತು. ಟಾರ್ಪನ್ ಬಾಯಿ ಕಲ್ಲಿನ ಹಾಗೆ ಗಟ್ಟಿ, ಮೆತ್ತಗೆ ಎತ್ತಿದರೆ ಕೊಕ್ಕೆ ನಾಟುವುದಿಲ್ಲ. ಆ ದಿನ ಮತ್ತೊಂದು ಅವಕಾಶ ಸಿಗಲಿಲ್ಲ. ಊಟ ಮಾಡುವಾಗ, ಕಾರಲ್ಲಿ ಬರುವಾಗ, ಅದೇ ಕಣ್ಣ ಮುಂದೆ ಬರುತ್ತಿತ್ತು. ಹಾಗಾಗಿ ಮೈದಾನದಲ್ಲಿ ಅಭ್ಯಾಸ ಮಾಡುವಾಗ ಪ್ರತಿ ಬೀಸಿನ ಕೊನೆಗೂ ಎಡಗೈಯಿಂದ ಎಳೆದು ಮುಗಿಸಿ. ಕೈಗೆ ರೂಢಿಯಾಗಲಿ.

ಇನ್ನು ಮೀನು, ತಿಂಗಳು. ಇಲ್ಲಿ ಹೆಸರಾದ ಮೀನು ಮೂರು. ಬೋನ್‌ಫಿಶ್, ಪರ್ಮಿಟ್, ಟಾರ್ಪನ್. ಮೂರನ್ನೂ ಒಂದೇ ದಿನ ಹಿಡಿದರೆ ಗ್ರ್ಯಾಂಡ್ ಸ್ಲ್ಯಾಮ್ ಅನ್ನುತ್ತಾರೆ. ಮೊದಲ ಪ್ರವಾಸದಲ್ಲಿ ಆ ಆಸೆ ಬೇಡ. ಒಂದು ಮೀನು ಆರಿಸಿಕೊಳ್ಳಿ. ಪರ್ಮಿಟ್ ತುಂಬಾ ಅನುಮಾನದ ಮೀನು, ವರ್ಷಗಟ್ಟಲೆ ಬೀಸಿದವರಿಗೂ ಬೆನ್ನು ತೋರಿಸಿ ಹೋಗುತ್ತದೆ. ದೊಡ್ಡ ಟಾರ್ಪನ್ ಗುಂಪುಗಳು ಕೀಸ್ ದಾಟಿ ಹೋಗುವುದು ಏಪ್ರಿಲ್‌ನಿಂದ ಜೂನ್‌ವರೆಗೆ. 80ರಿಂದ 120 ಪೌಂಡ್ ತೂಗುವ ಮೀನುಗಳು ಸಾಲಾಗಿ ಬರುವುದನ್ನು ನೋಡುವುದೇ ಒಂದು ಭಾಗ್ಯ. ಟಾರ್ಪನ್ ನೀರ ಮೇಲೆ ಬಂದು ಗಾಳಿ ನುಂಗುತ್ತದೆ. ಬೆಳಗಿನ ಶಾಂತ ನೀರಲ್ಲಿ ಬೆಳ್ಳಿ ಬೆನ್ನು ಹೊರಳಿ ಮುಳುಗುವುದು ಕಾಣುತ್ತದೆ. ಆದರೆ ಆ ತಿಂಗಳುಗಳಿಗೆ ಒಳ್ಳೆಯ ಗೈಡ್‌ಗಳನ್ನು ಒಂದು ವರ್ಷ ಮೊದಲೇ ಕಾದಿರಿಸಿರುತ್ತಾರೆ, ದೋಣಿಗಳೂ ಜಾಸ್ತಿ.

ನಿಮಗೆ ನಾನು ಹೇಳುವುದು ಜೂನ್ ಕೊನೆಯಿಂದ ಜುಲೈ ಮಧ್ಯದವರೆಗೆ. ವಸಂತದಷ್ಟು ಗಾಳಿ ಇರುವುದಿಲ್ಲ. ಗೈಡ್ ಸಿಗುತ್ತಾರೆ. ಬೆಳಗ್ಗೆ ಬಿಸಿಲೇರುವ ಮೊದಲು ಬೋನ್‌ಫಿಶ್, ಒಳಗಿನ ಕಾಂಡ್ಲಾ ಬದಿಯಲ್ಲಿ ಸಣ್ಣ ಟಾರ್ಪನ್. ಸಣ್ಣ ಟಾರ್ಪನ್ ಅಂದರೆ ಹತ್ತು ಇಪ್ಪತ್ತು ಪೌಂಡ್, ಹೊಸಬರಿಗೆ ಇದಕ್ಕಿಂತ ಒಳ್ಳೆಯ ಗುರು ಇಲ್ಲ. ತೊಂದರೆ ಅಂದರೆ ಸೆಕೆ, ಮಧ್ಯಾಹ್ನದ ಗುಡುಗು ಮಳೆ. ಗುಡುಗು ಕೇಳಿದರೆ ಗೈಡ್ ದೋಣಿ ತಿರುಗಿಸುತ್ತಾನೆ, ಬೇಸರ ಮಾಡಿಕೊಳ್ಳಬೇಡಿ. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ, ಅದರ ಜೋರು ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ. ಅಕ್ಟೋಬರ್ ಬೋನ್‌ಫಿಶ್‌ಗೆ ತುಂಬಾ ಚೆನ್ನಾಗಿರುತ್ತದೆ, ಆದರೆ ವಿಮಾನದ ಟಿಕೆಟ್ ಬದಲಾಯಿಸಲು ಆಗುವಂಥದ್ದು ತೆಗೆದುಕೊಳ್ಳಿ. ಜನವರಿಯಿಂದ ಮಾರ್ಚ್‌ವರೆಗೆ ಬಡಗಣ ಗಾಳಿ ಬಂದರೆ ನೀರು ತಣ್ಣಗಾಗಿ ಬೋನ್‌ಫಿಶ್ ಆಳಕ್ಕೆ ಇಳಿದುಬಿಡುತ್ತವೆ. ಮಗಳ ರಜೆ ಅಂತ ನಾನು ಒಂದು ಸಲ ಮಾರ್ಚ್‌ನಲ್ಲಿ ಹೋಗಿದ್ದೆ. ಮೂರು ದಿನದಲ್ಲಿ ಎರಡು ದಿನ ಜಾಕೆಟ್ ಹಾಕಿಕೊಂಡು ಖಾಲಿ ನೀರು ನೋಡಿ ಬಂದೆ.

ಜಾಗ ಕೀಸ್‌ನ ಇಸ್ಲಾಮೊರಾಡಾ ಆಗಲಿ. ಮಯಾಮಿ ವಿಮಾನ ನಿಲ್ದಾಣದಿಂದ ಕಾರಲ್ಲಿ ಒಂದೂವರೆ ಗಂಟೆ ಚಿಲ್ಲರೆ. ಕೀಸ್‌ನ ಕೊನೆಯ ಊರು ಕೀ ವೆಸ್ಟ್ ಅದರ ಎರಡರಷ್ಟು ದೂರ. ಆದರೆ ದೂರಕ್ಕಿಂತ ದೊಡ್ಡ ಕಾರಣ ಇದು: ಇಸ್ಲಾಮೊರಾಡಾದಲ್ಲಿ ಒಂದು ಕಡೆ ಅಟ್ಲಾಂಟಿಕ್, ಇನ್ನೊಂದು ಕಡೆ ಫ್ಲೋರಿಡಾ ಬೇ. ಒಂದು ಕಡೆ ಗಾಳಿ ಹೊಡೆದರೆ ಇನ್ನೊಂದು ಕಡೆಗೆ ಹೋಗಿ ದ್ವೀಪದ ಮರೆಯಲ್ಲಿ ಮೀನು ಹುಡುಕಬಹುದು. ಬೇಯ ಬಹುಭಾಗ ಎವರ್‌ಗ್ಲೇಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಸೇರಿದ್ದು. ಅಲ್ಲಿ ಗಿರಾಕಿಗಳನ್ನು ಕರೆದೊಯ್ಯಲು ಗೈಡ್‌ಗೆ ಪ್ರತ್ಯೇಕ ಪರವಾನಗಿ ಬೇಕು. ಇದೆಯಾ ಅಂತ ಕೇಳಿ.

ಗೈಡ್‌ಗೆ ಇಮೇಲ್ ಸಾಕಾಗುವುದಿಲ್ಲ, ಫೋನ್ ಮಾಡಿ. ನಿಮ್ಮ ಕೈ ಎಷ್ಟಿದೆ ಅಂತ ಮುಚ್ಚುಮರೆ ಇಲ್ಲದೆ ಹೇಳಿ. "ಟ್ರೌಟ್ ಹಿಡಿದಿದ್ದೇನೆ, ಉಪ್ಪುನೀರು ಹೊಸದು, ಗಾಳಿಯಲ್ಲಿ 45 ಅಡಿ ಹಾಕುತ್ತೇನೆ" ಅಂದರೆ ಅವನು ಅದಕ್ಕೆ ತಕ್ಕ ಜಾಗ ಯೋಚಿಸಿಟ್ಟುಕೊಳ್ಳುತ್ತಾನೆ. 80 ಅಡಿ ಅಂತ ಹೇಳಿದರೆ ಆ ದಿನವೇ ಬೇರೆ ದಾರಿ ಹಿಡಿಯುತ್ತದೆ. ನೀವೂ ಕೇಳಬೇಕಾದ್ದು ಕೇಳಿ. ಆ ವಾರ ಯಾವ ಮೀನು ಇರುತ್ತದೆ? ಫ್ಲೈ ಹಾಕುವ ಹೊಸಬರನ್ನು ಎಷ್ಟು ಕರೆದೊಯ್ದಿದ್ದೀರಿ? ಗಾಳಿ, ಮಳೆಗೆ ರದ್ದಾದರೆ ಮುಂಗಡ ಏನಾಗುತ್ತದೆ? ರಾಡ್, ಫ್ಲೈ ನಿಮ್ಮದೇನಾ? ಕೋಸ್ಟ್ ಗಾರ್ಡ್ ಕ್ಯಾಪ್ಟನ್ ಲೈಸೆನ್ಸ್ ಇದೆಯಾ? ತಾಳ್ಮೆಯಿಂದ ಉತ್ತರಿಸುವವನು ದೋಣಿಯಲ್ಲೂ ತಾಳ್ಮೆಯಿಂದ ಇರುತ್ತಾನೆ, ಇದು ನನ್ನ ಅನುಭವ. ಬೆಲೆ ಕಡಿಮೆ ಅಂತ ನಾನು ಒಬ್ಬರನ್ನು ಮಾತೇ ಆಡದೆ ಬುಕ್ ಮಾಡಿದ್ದೆ. ಪ್ರತಿ ತಪ್ಪಿಗೂ ರೇಗುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ನನ್ನ ಕೈ ನಡುಗುತ್ತಿತ್ತು.

ಖರ್ಚಿನ ಲೆಕ್ಕ. ಇಡೀ ದಿನ ಅಂದರೆ ಎಂಟು ಗಂಟೆ, ಸಾಮಾನ್ಯವಾಗಿ 700ರಿಂದ 1000 ಡಾಲರ್. ಟಿಪ್ 15ರಿಂದ 20 ಶೇಕಡಾ ಬೇರೆ. ದಿನಕ್ಕೆ 800 ಅಂತ ಹಿಡಿದರೆ ಮೂರು ದಿನಕ್ಕೆ 2400, ಟಿಪ್ 480, ಇಬ್ಬರು ಹಂಚಿಕೊಂಡರೆ ತಲೆಗೆ 1440. ಒಂದೇ ದಿನಕ್ಕೆ ಅಂತ ಅಷ್ಟು ದೂರ ಹೋಗಬೇಡಿ. ಒಂದು ದಿನ ಗಾಳಿ ತಿನ್ನುತ್ತದೆ, ಒಂದು ದಿನ ಕಲಿಯುವುದಕ್ಕೆ, ಮೂರನೇ ದಿನ ಕೈ ಕೂಡುತ್ತದೆ. ಹೋಟೆಲ್ ಸಾದಾ ಇದ್ದರೂ ನಡೆಯುತ್ತದೆ, ದೋಣಿಯ ದಿನ ಕಡಿಮೆ ಮಾಡಬೇಡಿ. ವಾರದ ನಡುವಿನ ದಿನಗಳಾದರೆ ನೀರಲ್ಲಿ ಗದ್ದಲ ಕಡಿಮೆ. ಮೀನು ಹಿಡಿಯುವ ಲೈಸೆನ್ಸ್ ನೀವು ಕೊಳ್ಳಬೇಕಿಲ್ಲ. ಫ್ಲೋರಿಡಾದಲ್ಲಿ ಗೈಡ್ ನಡೆಸುವ ಬಾಡಿಗೆ ದೋಣಿಯ ಲೈಸೆನ್ಸ್ ಗಿರಾಕಿಗಳಿಗೂ ಅನ್ವಯಿಸುತ್ತದೆ.

ಮುಂದಿನ ತುದಿಯಲ್ಲಿ ಒಂದು ಸಲಕ್ಕೆ ಒಬ್ಬರೇ ನಿಲ್ಲುವುದು. ಆದ್ದರಿಂದ ಸರದಿ ಹೇಗೆ ಅಂತ ಭಾವನ ಜೊತೆ ಮನೆಯಲ್ಲೇ ಮಾತಾಡಿಕೊಳ್ಳಿ. ಅರ್ಧ ಗಂಟೆಗೊಬ್ಬರು, ಅಥವಾ ಒಂದು ಒಳ್ಳೆಯ ಅವಕಾಶ ಸಿಕ್ಕ ಮೇಲೆ ಬದಲಿ. ಕೂತವರು ಸುಮ್ನೆ ಕೂರುವುದಲ್ಲ, ಲೈನ್ ಎಲ್ಲೂ ಸಿಕ್ಕಿಕೊಳ್ಳದ ಹಾಗೆ ನೋಡಿಕೊಳ್ಳುವುದು ಅವರ ಕೆಲಸ.

ಈಗ ಸಾಮಾನು. ಬೋನ್‌ಫಿಶ್‌ಗೆ 8 ವೇಟ್ ರಾಡ್, ದೊಡ್ಡ ಟಾರ್ಪನ್‌ಗೆ 11 ಅಥವಾ 12 (ವೇಟ್ ಸಂಖ್ಯೆ ಹೆಚ್ಚಾದಷ್ಟೂ ರಾಡ್ ಬಲವಾದದ್ದು). ಹೆಚ್ಚಿನ ಗೈಡ್‌ಗಳು ಇವನ್ನು ತಾವೇ ಕೊಡುತ್ತಾರೆ. ಕೊಳ್ಳಲೇಬೇಕು ಅಂದರೆ 8 ವೇಟ್ ಒಂದು ಕೊಳ್ಳಿ, ಮೈದಾನದ ಅಭ್ಯಾಸಕ್ಕೂ ಆಗುತ್ತದೆ. ಲೈನ್ ಮಾತ್ರ ಬಿಸಿ ಹವೆಗೆ ಮಾಡಿದ್ದೇ ಬೇಕು. ಟ್ರೌಟ್ ಲೈನ್ ಆ ಬಿಸಿಲಿಗೆ ಮೆತ್ತಗಾಗಿ ಬಳುಕುತ್ತದೆ. ಕನ್ನಡಕಕ್ಕೆ ದುಡ್ಡು ಹಾಕಿ. ಪೋಲರೈಸ್ಡ್, ತಾಮ್ರದ ಬಣ್ಣದ ಗಾಜು. ಅದಿಲ್ಲದೆ ಮೀನು ಕಾಣುವುದೇ ಇಲ್ಲ. ಬೋನ್‌ಫಿಶ್ ಮೈ ಕನ್ನಡಿ ಇದ್ದ ಹಾಗೆ, ತಳದ ಬಣ್ಣವನ್ನೇ ತೋರಿಸುತ್ತದೆ. ಮೀನಿಗಿಂತ ಅದರ ನೆರಳನ್ನು ಹುಡುಕಿ. ಉದ್ದ ತೋಳಿನ ತೆಳು ಅಂಗಿ, ಮುಖ ಮುಚ್ಚುವ ಬಟ್ಟೆ, ಮಳೆ ಜಾಕೆಟ್, ತುಂಬಾ ನೀರು. ಸನ್‌ಸ್ಕ್ರೀನ್ ಹಚ್ಚಿದ ಮೇಲೆ ಅಂಗೈ ತೊಳೆಯಿರಿ. ಸೊಳ್ಳೆಗೆ ಹಚ್ಚುವ ಡೀಟ್ ಲೈನನ್ನು ಹಾಳು ಮಾಡುತ್ತದೆ. ನಾನು ದೋಣಿಯ ತುದಿಯಲ್ಲಿ ಬರಿಗಾಲಲ್ಲಿ ನಿಲ್ಲುತ್ತೇನೆ, ಲೈನ್ ತುಳಿದರೆ ಆಗಲೇ ಗೊತ್ತಾಗುತ್ತದೆ.

ಗೈಡ್ "ಲೇಡಿಫಿಶ್" ಅಂದರೆ ನಮ್ಮ ಕಾಣೆ ಅಂದುಕೊಳ್ಳಬೇಡಿ. ಮಂಗಳೂರಿನ ಹೋಟೆಲ್‌ಗಳಲ್ಲಿ ಕಾಣೆಗೆ ಆ ಹೆಸರಿದೆ. ಇಲ್ಲಿಯದು ಬೇರೆ, ಟಾರ್ಪನ್‌ನ ಹತ್ತಿರದ ಸಂಬಂಧಿ. ತಿನ್ನಲು ರುಚಿಯಿಲ್ಲ, ಆದರೆ ಕೊಕ್ಕೆಗೆ ಸಿಕ್ಕರೆ ಚೆನ್ನಾಗಿ ಹಾರುತ್ತದೆ. ಅದನ್ನೂ ಖುಷಿಯಿಂದ ಹಿಡಿಯಿರಿ.

ಹಿಡಿದದ್ದನ್ನು ಬಿಡುವ ವಿಷಯವನ್ನು ದಯವಿಟ್ಟು ಮನಸ್ಸಿಗೆ ಹಾಕಿಕೊಳ್ಳಿ. ಫ್ಲೋರಿಡಾದಲ್ಲಿ 2013ರಿಂದ ಬೋನ್‌ಫಿಶ್ ಮನೆಗೆ ಒಯ್ಯುವಂತಿಲ್ಲ. 40 ಇಂಚಿಗಿಂತ ಉದ್ದದ ಟಾರ್ಪನ್ ಅನ್ನು ಫೋಟೋಗೆ ಅಂತ ನೀರಿಂದ ಎತ್ತುವುದೂ ತಪ್ಪು. ಕೈ ಒದ್ದೆ ಮಾಡಿಕೊಂಡೇ ಮುಟ್ಟಿ, ನೀರೊಳಗೇ ಹಿಡಿದು ಕೊಕ್ಕೆ ಬಿಡಿಸಿ. ತುಂಬಾ ಹೊತ್ತು ಆಡಿಸಿ ಸುಸ್ತಾದ ಮೀನನ್ನು ಶಾರ್ಕ್ ಬಿಡುವುದಿಲ್ಲ. ದೊಡ್ಡ ಹ್ಯಾಮರ್‌ಹೆಡ್ ಶಾರ್ಕ್ ಒಂದು ಸುತ್ತುತ್ತಿರುವುದು ಕಂಡರೆ, ಗೈಡ್ ಹೇಳಿದ ಕೂಡಲೇ ಲೈನ್ ತುಂಡು ಮಾಡಿ ಮೀನನ್ನು ಬಿಟ್ಟುಬಿಡಿ. ನಾನು ಹಾಗೆ ಒಂದು ಬಿಟ್ಟಿದ್ದೇನೆ. ಅದು ಓಡಿ ಪಾರಾಗಿದ್ದು ಕಂಡಿತು.

ದಿನಾಂಕ ನಿಗದಿಯಾದರೆ ಇಲ್ಲೇ ಕೆಳಗೆ ಬರೆಯಿರಿ. ಆ ವಾರ ನೀರು ಎಷ್ಟು ಹೊತ್ತಿಗೆ ಏರುತ್ತದೆ, ಎಷ್ಟು ಹೊತ್ತಿಗೆ ಇಳಿಯುತ್ತದೆ ಅಂತ ಒಟ್ಟಿಗೆ ನೋಡೋಣ.