ಆಫರ್ ಲೆಟರ್ ಕೈಗೆ ಬರುವ ಮೊದಲೇ ಪೇಪರ್ ಹಾಕಬಹುದಾ?

ಬೇಡ, ಆಗಲೇ ರಾಜೀನಾಮೆ ಕೊಡಬೇಡಿ. ಇಂಟರ್‌ವ್ಯೂ ಎಲ್ಲಾ ಮುಗಿದಿದೆ, ಸಂಬಳವೂ ಮಾತಾಗಿದೆ, ಆದರೆ "ಮೊದಲು ರಾಜೀನಾಮೆ ಕೊಟ್ಟು, ಅದನ್ನು ಒಪ್ಪಿಕೊಂಡ ಮೇಲ್ ಕಳಿಸಿ, ಆಮೇಲೆ ಆಫರ್ ಲೆಟರ್" ಅಂತ ಹೊಸ ಕಂಪನಿಯ ಎಚ್‌ಆರ್ ಪಟ್ಟು ಹಿಡಿದಿದ್ದಾರೆ ಎಂದಿದ್ದೀರಿ. ಫೋನಿನಲ್ಲಿ ಹೇಳಿದ್ದೆಲ್ಲ ಬಾಯಿಮಾತು. ನಿಮ್ಮನ್ನು ತಗೊಳ್ಳುತ್ತಿರುವ ಪ್ರಾಜೆಕ್ಟೇ ನಾಳೆ ಕಂಪನಿಯ ಕೈತಪ್ಪಿದರೆ ಅವರು "ಸಾರಿ" ಅಂತ ಒಂದು ಮೆಸೇಜ್ ಹಾಕಿ ಸುಮ್ಮನಾಗುತ್ತಾರೆ.

ನಾನು ಬೆಂಗಳೂರಿನಲ್ಲಿ ನೇಮಕಾತಿ ಕೆಲಸವನ್ನೇ ಮಾಡುವವಳು. ಹಾಗಾಗಿ ಆ ಕಡೆಯವರ ಭಯವೂ ಗೊತ್ತು. ಐಟಿಯಲ್ಲಿ ನೋಟಿಸ್ ಪೀರಿಯಡ್, ಅಂದರೆ ರಾಜೀನಾಮೆ ಕೊಟ್ಟ ಮೇಲೂ ಕೆಲಸ ಮಾಡಬೇಕಾದ ಅವಧಿ, 60 ದಿನ, 90 ದಿನ ಇರುತ್ತದೆ. ಅಷ್ಟರೊಳಗೆ ಕೆಲವರು ನಮ್ಮ ಆಫರ್ ತೋರಿಸಿ ಇನ್ನೆರಡು ಕಡೆ ಜಾಸ್ತಿ ಸಂಬಳ ಕೇಳುತ್ತಾರೆ. ಸೇರುವ ದಿನ ಫೋನೇ ಎತ್ತುವುದಿಲ್ಲ. ಅದಕ್ಕೇ ಈ ಷರತ್ತು. ಸರಿ, ಆದರೆ ಅವರ ರಿಸ್ಕ್ ನೀವ್ಯಾಕೆ ಹೊರಬೇಕು? ನೀವೇ ಒಂದು ದಾರಿ ಹೇಳಿ: "ಸಹಿ ಇರುವ ಆಫರ್ ಲೆಟರ್ ಕಳಿಸಿ, ಎರಡೇ ದಿನದಲ್ಲಿ ನನ್ನ ರಾಜೀನಾಮೆಯ ಮೇಲ್ ನಿಮಗೆ ಫಾರ್ವರ್ಡ್ ಮಾಡುತ್ತೇನೆ." ನಿಜವಾಗಿ ಜನ ಬೇಕಾಗಿರುವ ಕಂಪನಿ ಇದಕ್ಕೆ ಸಾಮಾನ್ಯವಾಗಿ ಒಪ್ಪುತ್ತದೆ.

ಲೆಟರ್ ಬಂದ ಕೂಡಲೇ ಓಡಬೇಡಿ. ಮೇಲೆ "ಲೆಟರ್ ಆಫ್ ಇಂಟೆಂಟ್" ಅಂತ ಇದ್ದರೆ ಅದು ಕೆಲಸ ಕೊಡುವ ಉದ್ದೇಶವಿದೆ ಅನ್ನುವ ಪತ್ರ ಅಷ್ಟೇ, ಅದನ್ನು ನಂಬಿ ಪೇಪರ್ ಹಾಕಬೇಡಿ. ಹುದ್ದೆ, ಸಂಬಳದ ಪೂರ್ತಿ ವಿವರ, ಸೇರುವ ತಾರೀಖು ಇರಬೇಕು. ಇನ್ನೊಂದು ಸಾಲು ಹೆಚ್ಚುಕಡಿಮೆ ಎಲ್ಲ ಲೆಟರ್‌ನಲ್ಲೂ ಇರುತ್ತದೆ: ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ (ನಿಮ್ಮ ಹಿಂದಿನ ಕೆಲಸ, ಓದಿನ ವಿವರಗಳ ತಪಾಸಣೆ) ಸರಿಬರದಿದ್ದರೆ ಆಫರ್ ರದ್ದು. ಜನ ಎಡವುವುದು ಇಲ್ಲೇ. ನಿಮ್ಮ ಪಿಎಫ್‌ನ ಯುಎಎನ್ (ಕಂಪನಿ ಬದಲಿಸಿದರೂ ಒಂದೇ ಇರುವ ಪಿಎಫ್ ನಂಬರ್) ಅಡಿಯಲ್ಲಿ ಎಲ್ಲಿ ಸೇರಿದಿರಿ, ಯಾವಾಗ ಬಿಟ್ಟಿರಿ ಎಲ್ಲ ದಾಖಲಾಗಿರುತ್ತದೆ. ಹಳೇ ಕಂಪನಿಯವರು ಬಿಟ್ಟ ತಾರೀಖು ಹಾಕದೆ ಹೋಗಿದ್ದರೆ, ಒಂದೇ ಹೊತ್ತಿಗೆ ಎರಡು ಕಡೆ ದುಡಿದ ಹಾಗೆ ಕಾಣುತ್ತದೆ! ಪಿಎಫ್ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆಯಾದ ಇಪಿಎಫ್‌ಒ ಪೋರ್ಟಲ್‌ಗೆ ಹೋಗಿ ಸರ್ವಿಸ್ ಹಿಸ್ಟರಿ ಇವತ್ತೇ ನೋಡಿ. ಆ ಹಳೇ ಕಂಪನಿಯ ಕೊನೇ ಪಿಎಫ್ ಕಂತು ಬಿದ್ದು ಎರಡು ತಿಂಗಳು ಕಳೆದಿದ್ದರೆ ಆ ತಾರೀಖನ್ನು ನೀವೇ ಹಾಕಬಹುದು. ಜೊತೆಗೆ ಹೊಸ ಎಚ್‌ಆರ್‌ಗೆ ಹೇಳಿ, ಈಗಿನ ಕಂಪನಿಯೊಂದನ್ನು ಬಿಟ್ಟು ಉಳಿದ ವೆರಿಫಿಕೇಶನ್ ರಾಜೀನಾಮೆಗೆ ಮೊದಲೇ ಮುಗಿಸಲಿ.

ನೋಟಿಸ್ ಬೈಔಟ್ ದುಡ್ಡು (ನೋಟಿಸ್ ಪೂರ್ತಿ ಮಾಡದೆ ಬೇಗ ಬಿಡಲು ಹಳೇ ಕಂಪನಿಗೆ ಕಟ್ಟುವ ಹಣ), ಜಾಯಿನಿಂಗ್ ಬೋನಸ್ ಅಂತೆಲ್ಲ ಹೇಳಿದ್ದರೆ ಅವೂ ಬರಹದಲ್ಲಿ ಬರಬೇಕು. ಒಂದು ವರ್ಷದೊಳಗೆ ಬಿಟ್ಟರೆ ಬೋನಸ್ ವಾಪಸ್ ಕಟ್ಟಬೇಕು ಅಂತ ಬರೆದಿದೆಯಾ ನೋಡಿ. ಲ್ಯಾಪ್‌ಟಾಪಿಗೆ, ಟ್ರೈನಿಂಗಿಗೆ ಅಂತ ನಿಮ್ಮಿಂದಲೇ ದುಡ್ಡು ಕೇಳಿದರೆ ಅದು ಮೋಸ, ಅಲ್ಲಿಗೇ ಬಿಡಿ.

ಇಷ್ಟೆಲ್ಲ ಮಾಡಿದರೂ ಪೂರ್ತಿ ಗ್ಯಾರಂಟಿ ಇಲ್ಲ. 2023ರ ಫೆಬ್ರುವರಿಯಲ್ಲಿ ವಿಪ್ರೊದಂಥ ಕಂಪನಿಯೇ, ವರ್ಷಕ್ಕೆ 6.5 ಲಕ್ಷದ ಆಫರ್ ಕೊಟ್ಟಿದ್ದ ಫ್ರೆಷರ್‌ಗಳನ್ನು 3.5 ಲಕ್ಷಕ್ಕೆ ಸೇರುತ್ತೀರಾ ಅಂತ ಕೇಳಿತ್ತು. ಕೋರ್ಟಿಗೆ ಹೋಗಿ ಪರಿಹಾರ ಕೇಳಬಹುದು, ಆದರೆ ಅಲ್ಲಿವರೆಗೆ ಇಎಂಐ ಕಟ್ಟುವವರು ಯಾರು? ಅದಕ್ಕೇ ಈಗಿನ ಮ್ಯಾನೇಜರ್ ಹತ್ತಿರ ಕೊನೇ ದಿನದವರೆಗೂ ಚೆನ್ನಾಗಿರಿ. ಆಫರ್ ಕೈಕೊಟ್ಟರೆ ರಾಜೀನಾಮೆ ವಾಪಸ್ ತಗೊಳ್ಳುತ್ತೇನೆ ಅಂತ ಅದೇ ದಿನ ಮೇಲ್ ಹಾಕಿ. ನಿಮ್ಮ ಜಾಗಕ್ಕೆ ಇನ್ನೊಬ್ಬರನ್ನು ತಗೊಳ್ಳುವ ಮುಂಚೆ ಕೇಳಿದರೆ ಒಪ್ಪುವುದುಂಟು.