ಕಾಕಿರ ಸಕ್ಕರೆ ಕಾರ್ಖಾನೆ ವಾಪಸ್ ಸಿಕ್ಕಿತೇ?
1972ರಲ್ಲಿ ಉಗಾಂಡಾದ ಸರ್ವಾಧಿಕಾರಿ ಇದಿ ಅಮೀನ್ ದೇಶದಿಂದ ಓಡಿಸಿದ ಮಾಧ್ವಾನಿ ಕುಟುಂಬಕ್ಕೆ ಕಾಕಿರದ ಸಕ್ಕರೆ ಕಾರ್ಖಾನೆ ವಾಪಸ್ ಸಿಕ್ಕಿತಾ ಎಂದು ಕೇಳಿದ್ದೀರಿ. ಸಿಕ್ಕಿತು, ಆದರೆ ಸುಮ್ನೆ ಅಲ್ಲ.

ಗುಜರಾತಿನಿಂದ ಉಗಾಂಡಾಕ್ಕೆ ಹೋದ ಮುಲ್ಜಿಭಾಯಿ ಮಾಧ್ವಾನಿ ಜಿಂಜಾ ಪಟ್ಟಣದ ಪಕ್ಕದ ಕಾಕಿರದಲ್ಲಿ ಇದನ್ನು ಕಟ್ಟಿದರು. ಹಿರಿಯ ಮಗ ಜಯಂತ್ 1971ರಲ್ಲಿ ತೀರಿಕೊಂಡರು. ಮರುವರ್ಷವೇ ಏಷ್ಯನ್ನರಿಗೆ ದೇಶ ಬಿಡಲು 90 ದಿನಗಳ ಗಡುವು! ಜಯಂತ್ ಅವರ ತಮ್ಮ ಮನುಭಾಯಿಯನ್ನು ಅಮೀನ್ ಜೈಲಿಗೂ ಹಾಕಿಸಿದ. ಆಮೇಲೆ ಗಿರಣಿ ಪಾಳು ಬಿತ್ತು.

1985ರಲ್ಲಿ ಕುಟುಂಬ ಮರಳಿತು. ಅದೇ ವರ್ಷ ಅಧ್ಯಕ್ಷ ಒಬೊಟೆಯ ಸರ್ಕಾರ ಉರುಳಿತು, 1986ರಲ್ಲಿ ಮುಸೆವೆನಿ ಅಧಿಕಾರಕ್ಕೆ ಬಂದರು. ಅಂಥ ಹೊತ್ತಲ್ಲಿ ಯಾರಾದರೂ ಹೆದರಿ ಓಡುತ್ತಾರೆ, ಅಲ್ವಾ? ಇವರು ಓಡಲಿಲ್ಲ. ಮೊದಲು ಸರ್ಕಾರದ ಜೊತೆ ಪಾಲುದಾರರಾಗಿ, ಸಾಲ ತಂದು, ಕಬ್ಬು ನೆಟ್ಟು ಮತ್ತೆ ಶುರು ಮಾಡಿದರು. ಪೂರ್ತಿ ಒಡೆತನ ಕೈಗೆ ಬಂದದ್ದು ಎಷ್ಟೋ ವರ್ಷಗಳ ನಂತರ. ನನಗೆ ಜಾಸ್ತಿ ತಟ್ಟುವುದು ಆ ತಾಳ್ಮೆಯೇ.