ಸೋಡಾ ಬ್ರೆಡ್ ಒಳಗೆ ಹಸಿಹಸಿ ಉಳಿಯುವುದೇಕೆ?

ಪ್ರಶ್ನೆ: ಐರಿಶ್ ಸೋಡಾ ಬ್ರೆಡ್ ಎರಡು ಸಲ ಮಾಡಿ ನೋಡಿದೆ. ಮೇಲೆ ಕೆಂಪಗಾಗುತ್ತದೆ, ಒಳಗೆ ಇಟ್ಟಿಗೆಯ ಹಾಗೆ ಗಟ್ಟಿ, ನಡುವೆ ಹಸಿ. ಅಲ್ಲಲ್ಲಿ ಹಳದಿ ಚುಕ್ಕೆ, ತಿಂದರೆ ಸೋಪಿನ ರುಚಿ. ಮನೆಯ ಮಜ್ಜಿಗೆ ಹಾಕಿ ಹತ್ತು ನಿಮಿಷ ನಾದಿ, ಅರ್ಧ ಗಂಟೆ ನೆನೆಯಲು ಬಿಟ್ಟಿದ್ದೆ. ತಪ್ಪೆಲ್ಲಿ?

ಉತ್ತರ: ನಾದಿದ್ದು ಮತ್ತು ನೆನೆಯಲು ಬಿಟ್ಟಿದ್ದು, ಚಪಾತಿಗೆ ಒಳ್ಳೆಯದಾದ ಈ ಎರಡೂ ಅಭ್ಯಾಸ ಸೋಡಾ ಬ್ರೆಡ್ಡಿಗೆ ಆಗಿಬರುವುದಿಲ್ಲ. ಮಜ್ಜಿಗೆಯ ಹುಳಿ ತಗುಲಿದ ಕ್ಷಣದಿಂದಲೇ ಸೋಡಾ ಅನಿಲ ಬಿಡಲು ಶುರುಮಾಡುತ್ತದೆ. ಅದು ಈಸ್ಟಿನ ಹಾಗೆ ಗಂಟೆಗಟ್ಟಲೆ ಕೆಲಸ ಮಾಡುವುದಿಲ್ಲ. ಅರ್ಧ ಗಂಟೆಯಲ್ಲಿ ಹೆಚ್ಚಿನ ಅನಿಲ ಹೋಗಿಬಿಟ್ಟಿರುತ್ತದೆ. ಜೊತೆಗೆ ನಾದಿದ್ದರಿಂದ ಹಿಟ್ಟು ಜಿಗುಟಾಗಿ ಬಿಗಿಯುತ್ತದೆ, ಉಬ್ಬಲು ಆಸ್ಪದವೇ ಇರುವುದಿಲ್ಲ.

ಐರ್ಲೆಂಡಿನಲ್ಲಿ ಈ ಬ್ರೆಡ್ 1830ರ ದಶಕದಿಂದ ಬಳಕೆಗೆ ಬಂತು. ಅಲ್ಲಿನ ತಂಪು, ತೇವದ ಹವೆಯಲ್ಲಿ ಬೆಳೆಯುವುದು ಮೃದು ಗೋಧಿ. ಅದರಲ್ಲಿ ಜಿಗುಟು ಕಡಿಮೆ, ಈಸ್ಟ್ ಹಾಕಿದರೆ ಅಷ್ಟಾಗಿ ಉಬ್ಬದು. ಬೆಣ್ಣೆ ಕಡೆದ ಮೇಲೆ ಉಳಿದ ಮಜ್ಜಿಗೆಗೆ ಸೋಡಾ ಸೇರಿಸಿ, ಮುಚ್ಚಳವಿದ್ದ ಕಬ್ಬಿಣದ ಪಾತ್ರೆಯಲ್ಲಿಟ್ಟು, ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸುತ್ತಿದ್ದರು. ಹಾಗಾಗಿ ನಮ್ಮ ಸಾಮಾನ್ಯ ಮೈದಾ ಇದಕ್ಕೆ ಸಾಕು. ಬ್ರೆಡ್ಡಿಗೆಂದೇ ಮಾರುವ ಹೆಚ್ಚು ಪ್ರೊಟೀನಿನ ಹಿಟ್ಟು ಬೇಡ.

ಅಳತೆ ಹೀಗಿರಲಿ: ಮೈದಾ 450 ಗ್ರಾಂ, ಉಪ್ಪು 1 ಟೀ ಚಮಚ, ಅಡುಗೆ ಸೋಡಾ ತಲೆ ಸಮ ಮಾಡಿದ 1 ಟೀ ಚಮಚ. ಮನೆಯ ಮಜ್ಜಿಗೆ ತೀರಾ ನೀರು, ಹುಳಿಯೂ ಸಾಲದು. ಬದಲಿಗೆ ಚೆನ್ನಾಗಿ ಹುಳಿ ಬಂದ ಮೊಸರು 270 ಗ್ರಾಂ, ನೀರು 100 ಮಿ.ಲೀ. ಸೇರಿಸಿ ಕಡೆಯಿರಿ. ಹುಳಿ ಸಾಲದಿದ್ದರೆ ಸೋಡಾ ಕರಗಿಯೂ ಹಾಗೇ ಉಳಿಯುತ್ತದೆ, ಸೋಪಿನ ರುಚಿ ಬರುವುದು ಅದರಿಂದಲೇ. ಹಳದಿ ಚುಕ್ಕೆ ಸೋಡಾದ ಗಂಟುಗಳದ್ದು. ಸೋಡಾವನ್ನು ಬೆರಳಲ್ಲಿ ಹೊಸಕಿ, ಮೈದಾ ಜೊತೆ ಎರಡು ಸಲ ಜರಡಿ ಹಿಡಿಯಿರಿ.

ಓವನ್ ಮೊದಲೇ 220 ಡಿಗ್ರಿಗೆ ಕಾದಿರಬೇಕು. ಅಗಲವಾದ ಪಾತ್ರೆಯಲ್ಲಿ ಹಿಟ್ಟಿನ ನಡುವೆ ಗುಳಿ ಮಾಡಿ ಮೊಸರು ಒಮ್ಮೆಗೇ ಸುರಿಯಿರಿ. ಬೆರಳುಗಳನ್ನು ಬಿಡಿಸಿ ಹಿಡಿದು ನಡುವಿನಿಂದ ಅಂಚಿನವರೆಗೆ ಸುತ್ತು ಹಾಕಿ ಕೂಡಿಸಿ. ಒಣ ಹಿಟ್ಟು ಉಳಿದರೆ ಮಾತ್ರ ಇನ್ನೊಂದೆರಡು ಚಮಚ ನೀರು. ಮುದ್ದೆ ಮೆತ್ತಗಿರಬೇಕು, ಕೈಗೆ ತುಸು ಅಂಟಬೇಕು, ಮೇಲ್ಮೈ ಒರಟೊರಟಾಗಿರಬೇಕು. ನುಣ್ಣಗಾಯಿತು ಎಂದರೆ ನಾದಿದ್ದು ಹೆಚ್ಚಾಯಿತು ಎಂದೇ ಲೆಕ್ಕ. 4 ಸೆಂ.ಮೀ. ದಪ್ಪಕ್ಕೆ ತಟ್ಟಿ, ಚಾಕುವಿನಿಂದ ಅಡ್ಡ-ಉದ್ದ ಆಳವಾಗಿ ಸೀಳಿ. ಈ ಸೀಳಿನಿಂದ ದೆವ್ವವೋ ಯಕ್ಷಿಣಿಯೋ ಹೊರಟುಹೋಗುತ್ತದೆ ಎಂಬ ನಂಬಿಕೆ ಅಲ್ಲಿದೆ. ಆದರೆ ನಿಮ್ಮ ಬ್ರೆಡ್ಡಿಗೆ ಮುಖ್ಯವಾದದ್ದು ಅದರ ಮೂಲಕ ಶಾಖ ನಡುವಿಗೆ ಇಳಿಯುವುದು.

15 ನಿಮಿಷ 220 ಡಿಗ್ರಿ, ಆಮೇಲೆ 200ಕ್ಕೆ ಇಳಿಸಿ 25–30 ನಿಮಿಷ. ಸಣ್ಣ ಓವನ್ನಿನಲ್ಲಿ ಮೇಲಿನ ಕಂಬಿ ಹತ್ತಿರವಿದ್ದು ಮೇಲ್ಭಾಗ ಬೇಗ ಸೀಯುತ್ತದೆ. ತಟ್ಟೆ ಕೆಳಗಿನ ಹಂತದಲ್ಲಿರಲಿ, ಬಣ್ಣ ಬಂದ ಮೇಲೆ ಫಾಯಿಲ್ ಮುಚ್ಚಿ. ಬಣ್ಣ ನೋಡಿ ತೆಗೆಯಬೇಡಿ. ಬ್ರೆಡ್ ಮಗುಚಿ ತಳವನ್ನು ಗೆಣ್ಣಿನಿಂದ ಬಡಿದರೆ ಟೊಳ್ಳು ಸದ್ದು ಬರಬೇಕು. ಅರ್ಧ ಗಂಟೆ ಆರುವ ತನಕ ಕತ್ತರಿಸಬೇಡಿ, ಬಿಸಿಯಲ್ಲಿ ಕೊಯ್ದರೆ ಬೆಂದದ್ದೂ ಹಸಿಯಂತೆ ಕಾಣುತ್ತದೆ.

ಪ್ರಶ್ನೆ: ಓವನ್ ಇಲ್ಲ. ಕಾವಲಿಯ ಮೇಲೆ ಆಗುತ್ತದೆಯೇ?

ಉತ್ತರ: ಧಾರಾಳವಾಗಿ. ಐರ್ಲೆಂಡಿನ ಉತ್ತರದ ಅಲ್ಸ್ಟರ್ ಪ್ರಾಂತ್ಯದಲ್ಲಿ ಹಾಗೆ ಮಾಡುವುದೇ ರೂಢಿ, ಹೆಸರು ಫಾರ್ಲ್. ಮೇಲಿನ ಅಳತೆಯ ಅರ್ಧ ತೆಗೆದುಕೊಂಡು, ಒಂದೂವರೆ ಸೆಂ.ಮೀ. ದಪ್ಪಕ್ಕೆ ತಟ್ಟಿ ನಾಲ್ಕು ಭಾಗ ಮಾಡಿ. ದೋಸೆಯ ದಪ್ಪ ಕಬ್ಬಿಣದ ಕಾವಲಿ ಇದಕ್ಕೆ ಹೇಳಿಮಾಡಿಸಿದ್ದು. ಎಣ್ಣೆ ಬೇಡ. ಚಿಟಿಕೆ ಹಿಟ್ಟು ಉದುರಿಸಿದಾಗ ನಿಧಾನಕ್ಕೆ ಕಂದು ಬಣ್ಣ ತಿರುಗಿದರೆ ಹದ, ಕೂಡಲೇ ಕಪ್ಪಾದರೆ ಉರಿ ಹೆಚ್ಚು. ಸಣ್ಣ ಉರಿಯಲ್ಲಿ ಒಂದೊಂದು ಬದಿ 7–8 ನಿಮಿಷ. ಕೊನೆಗೆ ಕತ್ತರಿಸಿದ ಅಂಚುಗಳನ್ನೂ ಕಾವಲಿಗೆ ನಿಲ್ಲಿಸಿ ಒಂದೊಂದು ನಿಮಿಷ ಬೇಯಿಸಿ. ಹಸಿ ಉಳಿಯುವುದು ಅಲ್ಲೇ.

ಪ್ರಶ್ನೆ: ಎಷ್ಟು ದಿನ ಇಡಬಹುದು?

ಉತ್ತರ: ಮಾಡಿದ ದಿನವೇ ರುಚಿ. ಬಟ್ಟೆಯಲ್ಲಿ ಸುತ್ತಿಟ್ಟರೆ ಮರುದಿನಕ್ಕೂ ಆಗುತ್ತದೆ, ಆದರೆ ಹೋಳು ಮಾಡಿ ಕಾವಲಿಯ ಮೇಲೆ ಬಿಸಿ ಮಾಡಿ, ಧಾರಾಳವಾಗಿ ಬೆಣ್ಣೆ ಹಚ್ಚಿಯೇ ತಿನ್ನಿ.